ನೀರು ಬಿಚ್ಚಿದ ಮಂಗಳ ಮಿಸ್

ಮಂಗಳ ಮಿಸ್ ಕೊರಳಲ್ಲಿ ಎರಡು ವಸ್ತುಗಳು ಸದಾ ಇರುತ್ತಿದ್ದವು. ಒಂದು, ಬೆಳ್ಳಿಯ ಕರಡಿಗೆಯಲ್ಲಿದ್ದ ಇಷ್ಟಲಿಂಗ. ಇನ್ನೊಂದು, ಕಪ್ಪು ದಾರಕ್ಕೆ ಕಟ್ಟಿದ್ದ ಪುಟ್ಟ ಕತ್ತರಿ. ಮೊದಲನೆಯದನ್ನು ಸೆರಗಿನ ಒಳಗೆ ಇಟ್ಟುಕೊಳ್ಳುತ್ತಿದ್ದರು, ಎರಡನೆಯದನ್ನು ಹೊರಗೆ. ಯಾರ ಮನೆಗೆ ಹೋದರೂ ಮನೆಯವರ ಮುಖಕ್ಕಿಂತ ಮೊದಲು ಗೋಡೆಯನ್ನು ನೋಡುತ್ತಿದ್ದರು. ತಾವು ಎಂದೋ ಹೊಲಿದುಕೊಟ್ಟ ಬಟ್ಟೆಯ ಚಿತ್ರ ಅಲ್ಲಿ ತೂಗುತ್ತಿದ್ದರೆ ಮುಗಿಯಿತು, ಕೊಟ್ಟ ಕಾಫಿ ಅರ್ಧಕ್ಕೇ ನಿಲ್ಲುತ್ತಿತ್ತು. ಲೋಟ ಕೆಳಗಿಟ್ಟು, ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಅದ ಒಸಿ ಇಳುಸ್ಕೊಡವ್ವ" ಅನ್ನುತ್ತಿದ್ದರು. ಇಳಿಸಿಕೊಟ್ಟವರ ಮನೆಯ ಚಿತ್ರದಲ್ಲಿ ಆ ಸಂಜೆಯೊಳಗೆ ಒಂದು ಮರವೋ, ಒಂದು ಸೂರ್ಯನೋ ಕಾಣೆಯಾಗಿರುತ್ತಿತ್ತು.

ಹೀಗಾಗಿ ನಂಜನಗೂಡಿನ ನಮ್ಮ ಬೀದಿಯಲ್ಲಿ ಅವರು ಬರುವುದು ಕಂಡರೆ ಚಿತ್ರಗಳನ್ನು ಬಚ್ಚಿಡುವುದು ರೂಢಿಯಾಗಿತ್ತು. ಕೆಲವರು ಅದರ ಮೇಲೆ ಕ್ಯಾಲೆಂಡರ್ ನೇತುಹಾಕುತ್ತಿದ್ದರು. ಎದುರು ಮನೆಯವರು ಪ್ರತಿ ಸಲವೂ "ಒಗೆಯಕ್ಕೆ ಹಾಕಿದ್ದೀವಿ ಮಿಸ್" ಅನ್ನುತ್ತಿದ್ದರು.

"ಓದ್ ಸಲಾನೂ ಒಗೀತಿದ್ರಿ. ಅಷ್ಟ್ ಕೊಳೆ ಆಗಕ್ಕೆ ಅದೇನ್ ಗದ್ದೆ ನಾಟಿಗೆ ಓಗಿತ್ತಾ?" ಎಂದು ಮಿಸ್ ಕೇಳಿದ್ದನ್ನು ನಾನು ಜಗಲಿಯ ಮೇಲೆ ಕೂತು ಕೇಳಿಸಿಕೊಂಡಿದ್ದೇನೆ. ಕೇಳಿಸಿಕೊಂಡಿದ್ದೇನೆ ಎಂದುಕೊಂಡಿದ್ದೇನೆ. ನನ್ನ ತಂಗಿಯ ಪ್ರಕಾರ ಆ ಮಾತು ಆಡಿದ್ದು ಮಿಸ್ ಅಲ್ಲ, ನಮ್ಮ ತಾಯಿ.

ಸರ್ವಮಂಗಳಮ್ಮ ಅವರ ಪೂರ್ತಿ ಹೆಸರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದು ನಿವೃತ್ತರಾದರು. ಮದುವೆಯಾಗಿರಲಿಲ್ಲ. ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಹಳೆಯ ಸೀರೆ, ಪಂಚೆ, ಲಂಗ, ಕಿಟಕಿಯ ಪರದೆ, ಏನು ಸಿಕ್ಕಿದರೂ ಕತ್ತರಿಸಿ, ದಪ್ಪ ದುಪ್ಪಟಿಯ ಮೇಲಿಟ್ಟು ಹೊಲಿದು ಚಿತ್ರ ಮಾಡುತ್ತಿದ್ದರು. ಮೈಸೂರಿನಲ್ಲಿ ಒಮ್ಮೆ ಪ್ರದರ್ಶನವೂ ಆಗಿತ್ತು. ಎರಡನೆಯ ದಿನ ಅವರು ಪ್ರದರ್ಶನದ ಗೋಡೆಯಿಂದಲೇ ಒಂದು ಚಿತ್ರ ಇಳಿಸಿಕೊಂಡು ಬಿಚ್ಚುತ್ತಾ ಕೂತಿದ್ದಕ್ಕೆ ಅದನ್ನು ಏರ್ಪಡಿಸಿದವರು ಮತ್ತೆ ಕರೆಯಲಿಲ್ಲವಂತೆ. ಯಾವ ಚಿತ್ರದ ಮೇಲೂ ಅವರ ಹೆಸರಿಲ್ಲ. ಯಾಕೆ ಮಿಸ್ ಎಂದರೆ, "ಮುಗ್ದ್ ಮೇಲೆ ಆಕ್ತೀನಿ" ಅನ್ನುತ್ತಿದ್ದರು.

ತರಗತಿಯಲ್ಲಿ 'ಹೊಲಿಗೆ' ಎನ್ನುವಾಗ ಹಕಾರಕ್ಕೆ ಅವರು ಕೊಡುತ್ತಿದ್ದ ಒತ್ತಿಗೆ ಮುಂದಿನ ಬೆಂಚಿನವರ ಮುಖಕ್ಕೆ ಗಾಳಿ ತಾಗುತ್ತಿತ್ತು ಎಂದು ಅವರ ವಿದ್ಯಾರ್ಥಿನಿಯಾಗಿದ್ದ ತಂಗಿ ಈಗಲೂ ಅಣಕಿಸಿ ತೋರಿಸುತ್ತಾಳೆ. ಶಾಲೆಯ ಗೇಟು ದಾಟಿದರೆ ಆ ಹಕಾರ ಉದುರಿಹೋಗುತ್ತಿತ್ತು. ಮನೆಯಲ್ಲಿ, ಬೀದಿಯಲ್ಲಿ ಅವರದು ಒಲಿಗೆ, ಒಲಿಯೋ ಮಿಸನ್ನು, ಒಲ್ದಿದ್ದು. ಹೊಲಿಯುವುದಕ್ಕೂ ಒಲಿಯುವುದಕ್ಕೂ ಅವರ ಬಾಯಲ್ಲಿ ವ್ಯತ್ಯಾಸವಿರಲಿಲ್ಲ. ನಮ್ಮ ಕಡೆ ಯಾರಿಗೂ ಇದರಿಂದ ತೊಂದರೆಯಾಗಿದ್ದಿಲ್ಲ.

ನಮ್ಮ ನಡುಮನೆಯಲ್ಲಿ ಅವರು ಹೊಲಿದ ಎಮ್ಮೆಯೊಂದಿತ್ತು. ತಾತನ ಹರಿದ ಕೊಡೆಯ ಬಟ್ಟೆಯಲ್ಲಿ ಮಾಡಿದ ಕರೀ ಎಮ್ಮೆ, ಅದರ ಬೆನ್ನ ಮೇಲೆ ಒಂದು ಬೆಳ್ಳಕ್ಕಿ. ಒಂದು ದಿನ ಮಿಸ್ ಬಂದು, ಕೊಕ್ಕು ಉದ್ದವಾಯಿತೆಂದು ಕೊಕ್ಕು ಬಿಚ್ಚಿದರು. ಮತ್ತೆ ಬಂದಾಗ ಕತ್ತು ಗಿಡ್ಡವಾಯಿತು. ಇನ್ನೊಂದು ಸಲ ತಾಯಿ ಅಡುಗೆಮನೆಯಿಂದ ಉಪ್ಪಿಟ್ಟು ತರುವಷ್ಟರಲ್ಲಿ ಎಮ್ಮೆ ಒಂಟಿಯಾಗಿ ನಿಂತಿತ್ತು.

"ಮಿಸ್, ನಮ್ ಬೆಳ್ಳಕ್ಕಿ ಎಲ್ಲಿ?"

"ಆರೋಯ್ತು ಕಣವ್ವ."

"ಆರೋಗಕ್ಕೆ ನಾವೇನ್ ಕಿಟ್ಕಿ ತಗ್ದಿದ್ವಾ?"

"ಎಷ್ಟ್ ವರ್ಸ ಅಂತ ಎಮ್ಮೆ ಮೇಲೇ ಕೂತಿರದು? ಅದ್ಕೂ ಬ್ಯಾಸ್ರ ಆಯ್ತದೆ ಬುಡು."

ತಾಯಿ ಉಪ್ಪಿಟ್ಟಿನ ತಟ್ಟೆಯನ್ನು ವಾಪಸ್ ಒಳಗೆ ತೆಗೆದುಕೊಂಡು ಹೋದರು. ಮಿಸ್ ಕಾಫಿಯನ್ನೂ ಬಿಟ್ಟು ಎದ್ದರು. ಅವರು ಚಿತ್ರ ಕೆಡಿಸಿದರು ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಬೆಳ್ಳಕ್ಕಿಯನ್ನು ಕಾಣದೆ ಇದ್ದ ನೆಂಟರು ಮನೆಗೆ ಬಂದಾಗ, "ಎಮ್ಮೆ ಎಷ್ಟು ಗತ್ತಾಗಿ ನಿಂತದೆ" ಎಂದು ಹೊಗಳುತ್ತಿದ್ದರು. ನನಗೆ ಮಾತ್ರ ಆ ಬೆನ್ನ ಮೇಲೆ ಏನೋ ಇಲ್ಲ ಎಂದು ಕಾಣುತ್ತಲೇ ಇತ್ತು. ಈಚೆಗೆ ತಂಗಿಗೆ ಇದನ್ನು ಹೇಳಿದರೆ ನಕ್ಕಳು. "ಬೆಳ್ಳಕ್ಕಿ ಎಲ್ಲಿತ್ತೋ? ಅದು ಗೊರವಂಕ. ಕಂದು ಬಣ್ಣದ್ದು, ನನ್ನ ಹಳೇ ಲಂಗದ್ದು." ಕೇಳೋಣವೆಂದರೆ ತಾಯಿ ಈಗಿಲ್ಲ.

ನಾನು ಓದಿದ್ದು ಇತಿಹಾಸ. ಎಂ.ಎ. ಮಾಡಿ, ಸಂಶೋಧನೆಗೆ ಸೇರಿ, ಬಿಟ್ಟು, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಅತಿಥಿ ಉಪನ್ಯಾಸಕನಾಗಿ ಅಲೆಯುತ್ತಿರುವವನು. ಯಾರು ಏನು ಹೇಳಿದರೂ ಆಧಾರ ಕೇಳುವ ಚಟ ಅಲ್ಲಿಂದ ಅಂಟಿತು. ಒಂದು ಚಿತ್ರವೆಂದರೆ ಅದನ್ನು ಮಾಡಿದ ದಿನದ ಸಾಕ್ಷಿ, ಮಾಡಿದವರಿಗೇ ಆದರೂ ಅದನ್ನು ತಿರುಚುವ ಹಕ್ಕಿಲ್ಲ ಎಂದು ನಾನು ಮಿಸ್ ಹತ್ತಿರ ವಾದಿಸುತ್ತಿದ್ದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿ, ಸೂಜಿ ಮತ್ತು ದಾರ ನನ್ನ ಮುಂದೆ ಹಿಡಿಯುತ್ತಿದ್ದರು. "ಪೋಣಿಸ್ಕೊಡು ಮೊಗ. ಕಣ್ಣು ಮಂಜಾಗದೆ."

ಅವರ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಅಷ್ಟೇನೂ ಸುಧಾರಿಸಿರಲಿಲ್ಲ. ಇನ್ನೊಂದೂ ಮಂಜಾಗುತ್ತಿತ್ತು. ನನಗೆ ಟಿ. ನರಸೀಪುರದ ಕಾಲೇಜಿನಲ್ಲಿ ಪಾಠ ಸಿಕ್ಕಿದೆ, ದಿನವೂ ನಂಜನಗೂಡಿನಿಂದ ಬಸ್ಸಿನಲ್ಲಿ ಓಡಾಡುತ್ತೇನೆ ಎಂದು ಗೊತ್ತಾದ ದಿನವೇ ಅವರು ಹೇಳಿಕಳಿಸಿದರು.

"ಸೋಸ್ಲೆ ಶಿವಮಲ್ಲಪ್ಪನವರ ಮನೇಲಿ ನಂದೊಂದು ಸಂಗಮ ಅದೆ. ಅದ ಈಸ್ಕಂಡ್ ಬಾ."

"ಯಾಕೆ ಮಿಸ್?"

"ಅದೊಂದ ನೆಟ್ಟಗ್ ಮಾಡ್ಬೇಕು. ಇರೋ ಕಣ್ಣಲ್ಲಿ ಇನ್ನೊಂದ್ ಆಗೋದಂದ್ರೆ ಅದೇಯ."

ಶಿವಮಲ್ಲಪ್ಪನವರ ಹೆಂಡತಿ ನಾಗರತ್ನಮ್ಮ ಮಿಸ್‌ಗೆ ಬಾಲ್ಯದ ಗೆಳತಿ. ಗೆಳತಿ ಮದುವೆಯಾಗಿ ನರಸೀಪುರದ ಪಕ್ಕದ ಸೋಸಲೆಗೆ ಹೋದ ಹೊಸದರಲ್ಲಿ ಮಿಸ್ ಅಲ್ಲಿಗೆ ಹೋಗಿ ಕೆಲವು ದಿನ ಇದ್ದು, ಇಬ್ಬರೂ ಕಪಿಲೆ ಕಾವೇರಿಗಳ ಸಂಗಮಕ್ಕೆ ಓಡಾಡಿ, ಆಮೇಲೆ ಆ ಚಿತ್ರ ಹೊಲಿದು ಕೊಟ್ಟದ್ದಂತೆ. ನಾಗರತ್ನಮ್ಮ ತೀರಿಕೊಂಡು ಕೆಲವು ವರ್ಷವಾಗಿದೆ.

ಕಾಲೇಜು ಮುಗಿಸಿಕೊಂಡು ಹೋದೆ. ಶಿವಮಲ್ಲಪ್ಪ ಭತ್ತದ ಗದ್ದೆಯಿಂದ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದರು. ಟಿ.ವಿ.ಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ ಚಿತ್ರವಿತ್ತು. ಎಡಗಡೆಯಿಂದ ಕಂದು ಸೀರೆಯ ಚೂರುಗಳಲ್ಲಿ ಕಪಿಲೆ, ಬಲಗಡೆಯಿಂದ ಹಸಿರು ಬೆರೆತ ನೀಲಿಯ ಕಾವೇರಿ. ಎರಡೂ ಸೇರಿದ ಮೇಲೂ ಬೆರೆಯದೆ, ಅಕ್ಕಪಕ್ಕದಲ್ಲಿ, ಬಟ್ಟೆಯ ಅಂಚಿನವರೆಗೆ ಹರಿಯುತ್ತಿದ್ದವು. ಕೆಳಗೆ, ಮೆಟ್ಟಿಲ ಮೇಲೆ, ಕಾಲು ನೀರಿನಲ್ಲಿಟ್ಟುಕೊಂಡು ಒಬ್ಬ ಹೆಂಗಸು ಬಗ್ಗಿ ಸೀರೆ ಹಿಂಡುತ್ತಿದ್ದಳು. ಕೆಂಪು ಚೌಕಳಿಯ ಸೀರೆಯುಟ್ಟ ಅವಳು ನಾಗರತ್ನಮ್ಮ. ಎರಡು ಹೊಳೆಗಳ ನಡುವೆ ಬಿಳಿಯ ಸಣ್ಣ ಗೆರೆಯೊಂದು ಇತ್ತು. ಸಂಗಮದಲ್ಲಿ ಕಣ್ಣಿಗೆ ಕಾಣದ ಮೂರನೆಯದೊಂದು ಬಂದು ಸೇರುತ್ತದೆಂದು ಅಲ್ಲಿಯವರು ನಂಬುತ್ತಾರಲ್ಲ, ಅದನ್ನೇ ಮಿಸ್ ಹೊಲಿದಿದ್ದಾರೆ ಎಂದು ನನಗೆ ಖುಷಿಯಾಯಿತು. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡೆ.

"ಕೊಡಲ್ಲ ಮೇಷ್ಟ್ರೇ," ಎಂದರು ಶಿವಮಲ್ಲಪ್ಪ. "ನಿಮ್ಮನೆ ಬೆಳ್ಳಕ್ಕಿ ಸುದ್ದಿ ನಮ್ಮನೇವಳು ಏಳಿ ಏಳಿ ನಗ್ತಿದ್ಲು. ಅದ ಆರುಸ್ದಂಗೆ ಇಲ್ಲಿ ಬಂದು ಇವಳ್ನೂ ಆರುಸ್ಬುಟ್ರೆ ನಾನ್ ಯಾರ್ನ ಕೇಳ್ಳಿ?"

'ಬೆಳ್ಳಕ್ಕಿ' ಎಂದು ಅವರು ಹೇಳಿದ್ದು ನನಗೆ ದೊಡ್ಡ ಸಮಾಧಾನ. ಆದರೆ ಅವರು ಹೇಳಿದರೋ, ನಾನು ಮೊದಲು ಹೇಳಿ ಅವರು ತಲೆಯಾಡಿಸಿದರೋ, ಈಗ ಖಚಿತವಿಲ್ಲ.

"ಅಮ್ಮನವರ ಫೋಟೋಗಳು ಇರಬೇಕಲ್ಲ?" ಎಂದೆ.

"ಅವೆ. ಎಲ್ಲದ್ರಲ್ಲೂ ನೆಟ್ಟಗೆ ನಿಂತ್ಕಂಡು, ನನ್ನ ಬಯ್ಯಕ್ಕೆ ರೆಡಿಯಾಗಿರಂಗವ್ಳೆ. ಕೆಲ್ಸ ಮಾಡ್ತಾ ಬಗ್ಗಿರದು ಇದೊಂದೇ ಕಣ್ರೀ. ನಾನ್ ನೋಡಿರೋ ನಾಗಿ ಇವಳೇ."

ಬಹಳ ಹೊತ್ತು ಮಾತಾಡಿದ ಮೇಲೆ ಒಂದು ಷರತ್ತಿನ ಮೇಲೆ ಒಪ್ಪಿದರು. ಚಿತ್ರ ಮನೆ ಬಿಟ್ಟು ಹೋಗುವುದಿಲ್ಲ. ಮಿಸ್ ಇಲ್ಲಿಗೇ ಬಂದು, ಅವರ ಕಣ್ಣ ಮುಂದೆ ಏನು ಬೇಕೋ ಮಾಡಬಹುದು. ಹೆಂಡತಿಯನ್ನು ಮಾತ್ರ ಮುಟ್ಟುವಂತಿಲ್ಲ.

"ಕಾವಲು ಕೂತ್ಕತಾರಾ? ನಾನೇನ್ ಅವ್ರ್ ಕಬ್ಬು ಮುರಿಯಕ್ ಬತ್ತಿದ್ದೀನಾ?" ಎಂದು ಮಿಸ್ ಸಿಡುಕಿದರು. ಮಾರನೆಯ ವಾರ ಬೆಳಿಗ್ಗೆ ನನ್ನ ಜೊತೆ ಬಸ್ ಹತ್ತಿದರು.

ದಾರಿಯುದ್ದಕ್ಕೂ ಜಗಳ. ಅದರಲ್ಲಿ ಏನು ಕೆಟ್ಟಿದೆ ಹೇಳಿ ಎಂದೆ.

"ನೀರು ಸುಳ್ಳು ಮೊಗ. ಸೇರುದ್ ಮೇಲೂ ಕಪಿಲೆ ಅತ್ಲಾಗೆ, ಕಾವೇರಿ ಇತ್ಲಾಗೆ ನಿಲ್ಸಿದ್ದೀನಲ್ಲ, ಮಾತು ಬುಟ್ಟಿರೋ ವಾರಗಿತ್ತೀರಂಗೆ. ಸೇರುದ್ ಮೇಲೆ ಯಾವ್ದು ಯಾವ್ದಂತ ಯಾರ್ಗ್ ಗೊತ್ತಾದ್ದು?"

"ಆಗ ನಿಮಗೆ ಹಾಗೆ ಕಂಡಿತ್ತಲ್ಲ. ಅದು ಆ ವಯಸ್ಸಿನ ಮಂಗಳ ಹೊಲಿದದ್ದು. ಅವಳನ್ನು ಕೇಳದೆ ನೀವು ಹೇಗೆ ಬಿಚ್ಚುತ್ತೀರಿ?"

"ಒಲಿಯಕ್ ಮುಂಚೆ ಅವಳು ನನ್ನೇನಾರ ಕೇಳಿದ್ಲಾ?"

ಮುಂದಿನ ಸೀಟಿನ ಹೆಂಗಸು ತಿರುಗಿ ನನ್ನನ್ನು ನೋಡಿದರು.

ಸೋಸಲೆಯ ಮನೆಯಲ್ಲಿ ಚೌಕಟ್ಟು ಬಿಚ್ಚಿ, ಗಾಜು ತೆಗೆದು, ಬಾಗಿಲ ಬೆಳಕಿಗೆ ಚಾಪೆ ಹಾಸಿದರು. ಮಿಸ್ ಕೂತು ಚಿತ್ರವನ್ನು ಮಡಿಲಿಗೆ ಎಳೆದುಕೊಂಡರು. ಶಿವಮಲ್ಲಪ್ಪ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಮೊದಲು ಮಿಸ್ ಬಟ್ಟೆಯ ಮೇಲೆಲ್ಲ ಬೆರಳಾಡಿಸಿದರು. ಬೆರಳು ಮೆಟ್ಟಿಲ ಮೇಲಿನ ಹೆಂಗಸಿನ ಹತ್ತಿರ ಬಂದು, ಅವಳನ್ನು ಮುಟ್ಟದೆ, ಸುತ್ತಿಕೊಂಡು ಹೋಯಿತು. ಆಮೇಲೆ ಕೊರಳ ಕತ್ತರಿ ಹಿಡಿದು, ಅಂಚಿನಿಂದ ಹೊಳೆಯನ್ನು ಬಿಚ್ಚಲು ಶುರು ಮಾಡಿದರು. ಟಕ್ ಎಂದು ಒಂದು ಹೊಲಿಗೆ ಕತ್ತರಿಸುವುದು, ಉಗುರಿನಿಂದ ದಾರ ಎಳೆಯುವುದು, ಮತ್ತೆ ಟಕ್. ನೀಲಿ ಚೂರು ಒಂದು ಕಡೆ, ಕಂದು ಚೂರು ಇನ್ನೊಂದು ಕಡೆ ಗುಡ್ಡೆಯಾಗುತ್ತಾ ಬಂದವು. ಕತ್ತರಿ ಹೆಂಗಸಿನ ಕಾಲ ಬಳಿ ಬಂದಾಗ ಶಿವಮಲ್ಲಪ್ಪ ಎದ್ದೇಬಿಟ್ಟರು.

"ಮಂಗಳವ್ವ! ಮಾತು ಅಂದ್ರೆ ಮಾತು!"

"ಕೂತ್ಕಳಿ ಅಣ್ಣ. ನಿಮ್ಮೆಂಡ್ತಿ ಅಲ್ಲೇ ಅವ್ಳೆ. ಕಾಲ್ಗೆ ನೀರು ಸುತ್ಕಂಡಿತ್ತು, ಬುಡುಸ್ದೆ."

"ಒಸಿ ದೂರ್ದಲ್ಲೇ ಬುಡ್ಸಿ."

"ಕಾಲ್ ಬುಟ್ಟು ದೂರ್ದಲ್ಲಿ ಯಾರಾರ ನೀರಲ್ಲಿ ನಿಂತ್ಕತಾರಾ? ಅವ್ಳಿದ್ದಿದ್ರೆ ನಿಮ್ಮನ್ನ ಈ ಕುರ್ಚಿ ಸಮೇತ ಎತ್ತಿ ಆಚೆಗ್ ಆಕೋಳು."

ಶಿವಮಲ್ಲಪ್ಪ ಕೂತರು. ಆಮೇಲೆ ಮುಖ ಮುಚ್ಚಿಕೊಂಡು ನಗತೊಡಗಿದರು. "ಆಕೋಳು, ನಿಜ ಕಣ್ರೀ ಮೇಷ್ಟ್ರೇ, ಆಕೋಳು."

ಮಧ್ಯಾಹ್ನದ ಹೊತ್ತಿಗೆ ಎರಡು ಹೊಳೆಗಳೂ ಬಿಚ್ಚಿಹೋಗಿದ್ದವು. ನಾನು ಚಾಪೆಯ ಮೇಲಿನ ಗುಡ್ಡೆಗಳಲ್ಲಿ ಬಿಳಿ ದಾರ ಹುಡುಕಿದೆ. ಸಿಕ್ಕಿತು, ಚೂರು ಚೂರು. ಇದು ಆ ಮೂರನೆಯ ಹೊಳೆಯದೇ ಮಿಸ್ ಎಂದರೆ, ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಕಚ್ಚಾ ಒಲಿಗೆದಿರ್ಬೇಕು. ಜೋಡ್ಸಕ್ಕೆ ಮದ್ಲು ಆಕಿರೋದು," ಎಂದರು. "ಮೂರ್ನೇದ ನಾನ್ ಯಾಕ್ ಒಲಿಯಕ್ಕೋಗ್ಲಿ, ಕಾಣ್ದೇ ಇರೋದ?" ದಾರವನ್ನು ಗುಡ್ಡೆಗೆ ಹಾಕಿ, "ಒಲ್ದಿದ್ರೂ ಒಲ್ದಿರ್ಬೋದು. ನಾಗಿ ಜೊತೆ ಇದ್ದಾಗ ಏನೇನೋ ಮಾಡಿವ್ನಿ," ಎಂದರು.

ಶಿವಮಲ್ಲಪ್ಪ ಬರಿದಾದ ಬಟ್ಟೆಯನ್ನು ನೋಡಿ, "ನೀರೆಲ್ಲ ಖಾಲಿ ಮಾಡ್ಬುಟ್ರಲ್ಲ" ಎಂದು ಕಂಗಾಲಾದರು.

"ಬುಡ್ತೀನಿ, ಮುಂದಿನ್ ವಾರ. ನಾಲೆಗೆ ನೀರ್ ಬುಡ್ಲಿ ಅಂತ ಎಷ್ಟ್ ದಿನ ಕಾಯ್ತೀರಿ, ಇದ್ಕೊಂದ್ ವಾರ ಕಾಯಕ್ಕಾಗಲ್ವಾ?"

ಊಟ ಮಾಡಿಸಿ ಕಳಿಸಿದರು. ನನಗೆ ಆಮೇಲೆ ಪಾಠವಿದ್ದುದರಿಂದ ಮಿಸ್ಸನ್ನು ನರಸೀಪುರದಲ್ಲಿ ನಂಜನಗೂಡಿನ ಬಸ್ಸಿಗೆ ಹತ್ತಿಸಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಅವರು ಇದ್ದಕ್ಕಿದ್ದಂತೆ ಕೇಳಿದರು:

"ಅಲ್ಲ ಮೊಗ, ಒಲ್ದಿದ್ದ ಅಂಗಂಗೇ ಬುಡ್ಬೇಕು ಅಂತ ಇಷ್ಟು ದಿನದಿಂದ ನನ್ ತಲೆ ತಿಂತೀಯಲ್ಲ, ನೀನು ಯಾವತ್ತಾರ ಒಲ್ದಿದ್ದೀಯಾ?"

"ಗುಂಡಿ ಹಾಕಿದ್ದೀನಿ ಮಿಸ್," ಎಂದೆ. "ಶರ್ಟಿಗೆ."

ಮಿಸ್ ನನ್ನ ಮುಖ ನೋಡಿದರು. ಆಮೇಲೆ ನಗು ಶುರುವಾಯಿತು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ಕಂಬ ಹಿಡಿದುಕೊಂಡು, "ಗುಂಡಿ... ಶರ್ಟ್‌ಗೆ..." ಅನ್ನುತ್ತಿದ್ದರು. ಬಸ್ ಬಂದಿತು, ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ ತಿರುಗುವಾಗ ಅವರು ನನ್ನತ್ತ ನೋಡಿ, ಎದೆಯ ಮೇಲೆ ಬೆರಳಿಟ್ಟು, ಗುಂಡಿ ಹಾಕುವ ಹಾಗೆ ಕೈಯಾಡಿಸಿ ತೋರಿಸಿದರು. ನಾನು ಅವರನ್ನು ಜೀವಂತವಾಗಿ ಕೊನೆಯ ಸಲ ನೋಡಿದ್ದು ಅದೇ.

ಅವರು ಕೇಳಿದ್ದು ಹೊಲಿಗೆಯನ್ನೇ ಇರಬೇಕು. ಹೊಲಿಗೆ ಟೀಚರು ಇನ್ನೇನು ಕೇಳುತ್ತಾರೆ? ಆದರೆ ಒಂದು ಗುಂಡಿಗೆ ಅಷ್ಟು ನಗು ಯಾಕೆ ಎಂಬ ಅನುಮಾನ ಆ ಮಧ್ಯಾಹ್ನ ಪಾಠ ಮಾಡುತ್ತಿರುವಾಗ ತಲೆಗೆ ಹೊಕ್ಕಿತು. ಮುಂದಿನ ವಾರ ಕೇಳೋಣ ಎಂದುಕೊಂಡೆ.

ಮುಂದಿನ ವಾರಕ್ಕೆ ಅವರು ಇರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಗೋಡೆಗೆ ಒರಗಿದವರು ಏಳಲಿಲ್ಲವೆಂದು ಅವರ ತಮ್ಮ ಹೇಳಿದರು. ನಾನು ಮಣ್ಣಿಗೆ ಹೋಗಿದ್ದೆ. ಕರಡಿಗೆ ಅವರ ಜೊತೆಗೇ ಹೋಯಿತು. ಕತ್ತರಿಯನ್ನು ತೆಗೆದರು ಎಂದು ತಂಗಿ ಹೇಳುತ್ತಾಳೆ. ಅದೂ ಅವರ ಕೊರಳಲ್ಲೇ ಇತ್ತೆಂದು ನನ್ನ ನೆನಪು.

ಸುದ್ದಿ ಹೇಳಲು ಸೋಸಲೆಗೆ ಹೋದೆ. ಶಿವಮಲ್ಲಪ್ಪ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಬಿಚ್ಚಿದ ನೀರೆಲ್ಲ ಅದರಲ್ಲಿತ್ತು. "ಎಲ್ಲಾ ಎತ್ತಿಟ್ಟಿವ್ನಿ, ಒಂದ್ ದಾರಾನೂ ಬುಟ್ಟಿಲ್ಲ. ನರಸೀಪುರದಲ್ಲಿ ಒಬ್ಬ ಒಳ್ಳೆ ಟೈಲರ್ ಅವ್ನೆ. ಮದ್ಲು ಎಂಗಿತ್ತು ಅಂತ ನೀವ್ ಏಳಿ ಮೇಷ್ಟ್ರೇ, ಅಂಗೇ ಒಲಿಸ್ಬುಡ್ತೀನಿ."

ಚಿತ್ರವಿದ್ದ ಹಾಗೇ ಇರಬೇಕು ಎಂದು ವಾದಿಸುತ್ತಿದ್ದವನು ನಾನು. ಇದ್ದ ಹಾಗೆ ಎಂದರೆ ಹೇಗೆ ಎಂದು ಈಗ ಹೇಳಬೇಕಿತ್ತು. ಫೋನ್ ತೆಗೆದು ಅಂದು ತೆಗೆದ ಫೋಟೋ ನೋಡಿದೆ. ಗಾಜಿನ ಮೇಲೆ ಟ್ಯೂಬ್‌ಲೈಟು ಪ್ರತಿಫಲಿಸಿ, ಎರಡು ಹೊಳೆ ಸೇರುವ ಜಾಗದಲ್ಲಿ ಸರಿಯಾಗಿ ಉದ್ದಕ್ಕೆ ಬಿಳಿಯ ಗೆರೆಯಾಗಿತ್ತು. ಅದರ ಅಡಿಯಲ್ಲಿ ದಾರವಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ನಾನು ಅಂದು ನೋಡಿದ್ದು ದಾರವನ್ನೋ, ದೀಪವನ್ನೋ? ಬಟ್ಟೆಯನ್ನು ಬೆಳಕಿಗೆ ಹಿಡಿದು ಸೂಜಿಯ ತೂತುಗಳನ್ನು ನೋಡಿದೆ. ಮಿಸ್ ಹಿಂದೆಯೂ ಎಷ್ಟು ಸಲ ಬಿಚ್ಚಿ ಹೊಲಿದಿದ್ದರೋ, ಎಲ್ಲಿ ನೋಡಿದರೂ ತೂತು. ಅದರಲ್ಲಿ ಎಷ್ಟು ಹೊಳೆ ಬೇಕಾದರೂ ಹರಿಯಬಹುದಿತ್ತು.

"ಬಿಳಿ ಗೆರೆ ಇತ್ತು," ಎಂದೆ. ಮನೆಗೆ ಹೋಗಿ ಯೋಚಿಸಿ, ಇರಲಿಲ್ಲವೆಂದು ಫೋನ್ ಮಾಡಿದೆ. ಎರಡು ದಿನ ಬಿಟ್ಟು, ಇದ್ದರೂ ಇರಬಹುದು, ಆದರೆ ಇಷ್ಟು ಉದ್ದವಿರಲಿಲ್ಲ ಎಂದೆ.

ಆ ಕಡೆಯಿಂದ ಶಿವಮಲ್ಲಪ್ಪ ನಿಟ್ಟುಸಿರುಬಿಟ್ಟದ್ದು ಕೇಳಿಸಿತು. "ಮೇಷ್ಟ್ರೇ, ನೀವು ಮಂಗಳವ್ವನ್ನ ಮೀರುಸ್ಬುಟ್ರಿ. ಅವ್ರ್ಗೆ ಕತ್ರಿನಾರ ಬೇಕಿತ್ತು."

ಮೊನ್ನೆ ಮತ್ತೆ ಹೋಗಿದ್ದೆ. ಚಿತ್ರವನ್ನು ಗಾಜಿಲ್ಲದೆ ಹಾಗೇ ಟಿ.ವಿ.ಯ ಮೇಲೆ ತೂಗುಹಾಕಿದ್ದಾರೆ. ನೀರಿಲ್ಲದ ಬಟ್ಟೆಯ ಕೆಳತುದಿಯಲ್ಲಿ ಮೆಟ್ಟಿಲು, ಅದರ ಮೇಲೆ ನಾಗರತ್ನಮ್ಮ, ಮೊದಲಿನಂತೆಯೇ ಬಗ್ಗಿ ಸೀರೆ ಹಿಂಡುತ್ತಿದ್ದಾರೆ. ಹತ್ತಿರ ಹೋಗಿ ನೋಡಿದಾಗ, ಹಿಂಡಿದ ಸೀರೆಯಿಂದ ಬಿಳಿ ದಾರದ ಹನಿಗಳು ಉದುರುತ್ತಿರುವುದು ಕಂಡಿತು. ಹೆಂಗಸನ್ನು ಮುಟ್ಟಬಾರದೆಂಬ ಷರತ್ತಿಗೆ ಮಿಸ್ ಅವಳ ಕೈಯಿಂದ ಬೀಳುವ ನೀರನ್ನೂ ಸೇರಿಸಿಕೊಂಡಿದ್ದರು. ಇಡೀ ಚಿತ್ರದಲ್ಲಿ ಈಗ ಉಳಿದಿರುವ ನೀರು ಅಷ್ಟೇ. ನನ್ನ ಬಿಳಿ ಇದೇ ಇರಬಹುದೇ ಎಂದು ನೋಡುತ್ತಾ ನಿಂತೆ. ಈ ಹನಿಗಳು ಮೊದಲೂ ಇದ್ದವೇ ಎಂದು ಶಿವಮಲ್ಲಪ್ಪನವರನ್ನು ಕೇಳಬೇಕೆನ್ನಿಸಿತು.

ಅವರು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತರು.

"ಇವತ್ತಾರ ಏಳಿ. ಒಲಿಸ್ಲಾ, ಇಂಗೇ ಬುಡ್ಲಾ?"

"ಮುಂದಿನ ವಾರ ಬಂದು ಹೇಳ್ತೀನಿ," ಎಂದೆ.

ಶಿವಮಲ್ಲಪ್ಪ ಚೀಲದ ಬಾಯಿಗೆ ಗಂಟು ಹಾಕಿದರು.

"ಅವ್ರೂ ಅಂಗೇ ಅಂದಿದ್ರು," ಎಂದರು.